ಹಿಡಿ ಕೊಯ್ದ ಬ್ರಷ್ಷು

ಮೊನ್ನೆ ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ಸುಗುಣ ದೇವರ ಗೂಡಿನ ಧೂಳನ್ನು ಒಂದು ಬ್ರಷ್ಷಿನಿಂದ ಹೊಡೆಯುತ್ತಿದ್ದಳು. ಪತ್ರಿಕೆಯಿಂದ ತಲೆಯೆತ್ತಿ ನೋಡಿದೆ. ಎರಡಂಗುಲ ಅಗಲದ ಬ್ರಷ್ಷು. ಹಿಡಿಯನ್ನು ಗರಗಸದಿಂದ ಅರ್ಧಕ್ಕೆ ಕೊಯ್ದಿದೆ. ಕೂದಲಿನ ಬುಡದಲ್ಲಿ ಕೆಂಪು ಬಣ್ಣ ಒಣಗಿ ಕಲ್ಲಾಗಿದೆ.

"ಅದನ್ನ ಎಲ್ಲಿಂದ ತೆಗೆದೆ?" ಎಂದೆ.

"ನಿಮ್ಮ ಟ್ರಂಕಿನ ತಳದಲ್ಲಿತ್ತು. ಯಾಕಂಡಿ, ಅದಕ್ಕೂ ಒಂದು ಟೈಮ್ ಟೇಬಲ್ ಇದೆಯಾ?"

ಸುಗುಣ ವಿಜಯವಾಡದವಳು. ಕನ್ನಡವನ್ನು ನನ್ನ ತಾಯಿಯಿಂದ ಕಲಿತಳು, ಆದರೆ ತೆಲುಗಿನ ಆ ‘ಅಂಡಿ’ಯನ್ನು ಬಿಡಲಿಲ್ಲ. ಮೂವತ್ತೈದು ವರ್ಷಗಳಲ್ಲಿ ನನ್ನನ್ನು ಎಷ್ಟು ಬೈದಿದ್ದರೂ ಮರ್ಯಾದೆ ಕೊಟ್ಟೇ ಬೈದಿದ್ದಾಳೆ. ನಾನು ಎದ್ದು ಹೋಗಿ ಬ್ರಷ್ಷನ್ನು ಅವಳ ಕೈಯಿಂದ ತೆಗೆದುಕೊಂಡೆ. ಏಕೆಂದು ಅವಳು ಕೇಳಲಿಲ್ಲ. ಕೇಳಿದ್ದು ಬೇರೆ.

"ರೈತು ಬಜಾರ್ ಶುರುವಾದ ದಿನದಿಂದ ತರಕಾರಿಗೆ ಆರು ಗಂಟೆಗೆ ಹೋಗುತ್ತಿದ್ದವರು, ಈಗ ಎರಡು ತಿಂಗಳಿಂದ ಆರೂವರೆಗೆ ಯಾಕೆ ಹೋಗ್ತಿದ್ದೀರಿ? ಬರೀ ಬಲಿತ ಬೆಂಡೆಕಾಯಿ ಸಿಗ್ತಾ ಇದೆ."

ಬ್ರಷ್ಷಿಗೂ ಬೆಂಡೆಕಾಯಿಗೂ ಸಂಬಂಧ ಇರಬಹುದೆಂದು ಅವಳಿಗೆ ಹೊಳೆದಿಲ್ಲ. ನಾನೂ ಹೇಳಲಿಲ್ಲ. ನಿಮ್ಮೊಡನೆ ಹೇಳಿಕೊಳ್ಳುವುದು ಸುಲಭ, ನೀವು ಬೆಂಡೆಕಾಯಿ ಹೆಚ್ಚುವುದಿಲ್ಲ.

ಮೊದಲು ನನ್ನ ಗಡಿಯಾರದ ರೋಗವನ್ನು ಹೇಳಬೇಕು. ಅದು ಹುಟ್ಟಿನಿಂದ ಬಂದದ್ದಲ್ಲ, ಚಿತ್ರದುರ್ಗದ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ ಅಂಟಿದ್ದು. ಅಲ್ಲಿ ಬೇವಿನ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿದ್ದರು. ಏಳುವುದಕ್ಕೆ, ಮೀಯುವುದಕ್ಕೆ, ಓದುವುದಕ್ಕೆ, ಉಣ್ಣುವುದಕ್ಕೆ ಎಲ್ಲಕ್ಕೂ ಅದನ್ನು ಬಡಿಯಬೇಕು. ಏಳನೇ ತರಗತಿಯಲ್ಲಿ ಬಡಿಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಮಧ್ಯಾಹ್ನ ಹಸಿವೋ ಹೆಮ್ಮೆಯೋ, ಅಡುಗೆಯವರು ಕೈ ಎತ್ತುವ ಮೊದಲೇ ಊಟದ ಗಂಟೆ ಬಾರಿಸಿಬಿಟ್ಟೆ. ಎಂಬತ್ತು ಹುಡುಗರು ತಟ್ಟೆ ಹಿಡಿದು ಸಾಲಾಗಿ ಬಂದು ಕೂತರು. ಅನ್ನ ಇನ್ನೂ ಅರೆಬೆಂದಿತ್ತು. ಅಡುಗೆಯವರು ಹತ್ತು ನಿಮಿಷ ಕೇಳಿದರು. ವಾರ್ಡನ್ ಮೇಷ್ಟ್ರು ಒಪ್ಪಲಿಲ್ಲ.

"ಹೊಡೆದ ಗಂಟೇನ ವಾಪಸ್ ತಗಳಾಕೆ ಬರ್ತೈತೇನಲೇ? ಬಡಿಸ್ರಿ!"

ಬಡಿಸಿದರು. ಎಂಬತ್ತು ಬಾಯಿಗಳು ಅಕ್ಕಿ ಅಗಿಯುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮಧ್ಯಾಹ್ನ ಭೂಗೋಳದ ಪಾಠದ ನಡುವೆ ಎಂಬತ್ತು ಹೊಟ್ಟೆಗಳು ಗುಡುಗಿದವು. ಸಂಜೆ ಆ ಹುಡುಗರು ನನಗೆ ಕೊಟ್ಟದ್ದನ್ನು ಇಲ್ಲಿ ವಿವರಿಸುವುದಿಲ್ಲ. ಆದರೆ ಪಾಠ ಮನಸ್ಸಿಗೆ ಕೂತಿತು. ಹೊಡೆದ ಗಂಟೆ ಹೊಡೆದದ್ದೇ.

ಆಮೇಲೆ ಹೊಟ್ಟೆಪಾಡು ನನ್ನನ್ನು ವಿಶಾಖಪಟ್ಟಣಕ್ಕೆ ತಂದಿತು. ಬಂದರಿನ ಸಿಗ್ನಲ್ ಸ್ಟೇಷನ್ನಿನಲ್ಲಿ ಕೆಲಸ. ಒಳ ಬಂದರಿಗೆ ಹೋಗುವ ಕಾಲುವೆ ಇಕ್ಕಟ್ಟು. ಹಡಗುಗಳು ಒಂದೊಂದಾಗಿಯೇ ಹೋಗಬೇಕು, ಒಂದೊಂದಾಗಿಯೇ ಬರಬೇಕು. ಬರಬಹುದು ಎಂದು ಬಾವುಟ ಏರಿಸಿದರೆ ಮುಗಿಯಿತು. ಏರಿಸಿದ ಮೇಲೆ ಅನುಮಾನ ಪಟ್ಟು ಇಳಿಸಿದರೆ ಹಡಗಿನವನಿಗೆ ದಿಕ್ಕು ತಪ್ಪುತ್ತದೆ. ಹಡಗು ಬಸ್ಸಲ್ಲ, ಬ್ರೇಕು ಹಾಕಿದಲ್ಲಿ ನಿಲ್ಲುವುದಿಲ್ಲ. ವಾರ್ಡನ್ ಮೇಷ್ಟ್ರ ಕಂಬಿಯೇ ಇಲ್ಲಿ ಬಾವುಟವಾಗಿ ಹಾರುತ್ತಿದೆ ಎನಿಸಿತ್ತು ನನಗೆ. ಮೂವತ್ತು ವರ್ಷಕ್ಕೂ ಮೇಲೆ ಆ ಕೆಲಸ ಮಾಡಿದೆ. ಒಮ್ಮೆಯೂ ತಡ ಮಾಡಲಿಲ್ಲ, ಒಮ್ಮೆಯೂ ಇಳಿಸಲಿಲ್ಲ. ನಿವೃತ್ತಿಯ ದಿನ ಜೊತೆಯವರು ನನಗೊಂದು ಗೋಡೆ ಗಡಿಯಾರ ಕೊಟ್ಟರು. ಅದು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು. ಬೇಕೆಂದೇ ಅಂಥದ್ದನ್ನು ಆರಿಸಿದರೆಂದು ಸುಗುಣ ಈಗಲೂ ನಂಬಿದ್ದಾಳೆ.

ನಿವೃತ್ತನಾದ ಮೇಲೆ ಅದೇ ಊರಿನ ಅಂಚಿನ ಗಾಜುವಾಕದ ನಮ್ಮ ಮನೆಯ ಹಿಂದಿನ ಶಾಲೆಯ ಬಯಲಿನಲ್ಲಿ ಬೆಳಿಗ್ಗೆ ಸುತ್ತು ಹೊಡೆಯುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಎರಡೋ ಮೂರೋ ವರ್ಷವಾಗಿತ್ತು. ಅಲ್ಲಿ ಹುಡುಗಿಯರು ಸಾಫ್ಟ್‌ಬಾಲ್ ಆಡುತ್ತಿದ್ದರು. ಕ್ರಿಕೆಟ್ ಬಿಟ್ಟರೆ ಕಬಡ್ಡಿ ಎಂದುಕೊಂಡಿದ್ದ ನನಗೆ ಅದು ವಿಚಿತ್ರವಾಗಿ ಕಂಡಿತು. ಚೌಕವನ್ನು ಓರೆಯಾಗಿ ತಿರುಗಿಸಿಟ್ಟಂಥ ಅಂಗಳ. ಕೋಲಿನಿಂದ ಚೆಂಡು ಹೊಡೆದವಳು ಮೂರು ಮೂಲೆಗಳನ್ನು ಮುಟ್ಟಿಕೊಂಡು, ಹೊರಟ ಜಾಗಕ್ಕೇ ಮರಳಿ ಬರಬೇಕು. ಆ ಜಾಗದಲ್ಲಿ ಐದು ಮೂಲೆಯ ಬಿಳಿ ಹಲಗೆಯೊಂದಿರುತ್ತದೆ, ಅದೇ ಹೋಮ್ ಪ್ಲೇಟ್. ಬಂದು ಮುಟ್ಟಿದರೆ ಒಂದು ರನ್. ಮುಟ್ಟುವ ಮೊದಲು ಚೆಂಡು ಹಿಡಿದ ಕೈ ಅವಳ ಮೈಗೆ ತಾಗಿದರೆ ಔಟ್. ಹೇಳಿದರೆ ಇಷ್ಟೇ. ಆದರೆ ತಾಗಿತೋ ಇಲ್ಲವೋ ಎಂದು ಆ ಹುಡುಗಿಯರು ಅರ್ಧ ಗಂಟೆ ಜಗಳವಾಡುತ್ತಿದ್ದರು. ಆಟ ಹತ್ತು ನಿಮಿಷ, ಜಗಳ ಮೂವತ್ತು. ನನಗೆ ಸಹಿಸಲಾಗಲಿಲ್ಲ. ಮೂರನೆಯ ದಿನ ನಡಿಗೆ ನಿಲ್ಲಿಸಿ ಒಳಗೆ ನುಗ್ಗಿ "ಔಟ್!" ಎಂದು ಕೂಗಿದೆ.

ಆಡುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. ಆಮೇಲೆ ಕಡ್ಡಿಯಂಥ ಹುಡುಗಿಯೊಬ್ಬಳು ಸೊಂಟಕ್ಕೆ ಕೈಯಿಟ್ಟು ನನ್ನೆದುರು ನಿಂತಳು.

"ಔಟ್ ಕಾದು ತಾತಗಾರೂ! ಔಟ್ ಅಲ್ಲ! ನೀವು ವಾಕಿಂಗ್ ಮಾಡ್ತಾ ಇದ್ರಿ, ನೋಡೇ ಇಲ್ಲ!"

ಅವಳೇ ನಾಗಮಣಿ. ಎಂಟನೇ ತರಗತಿ. ಅವಳು ಹೇಳಿದ್ದು ನಿಜ. ನಾನು ನೋಡಿರಲಿಲ್ಲ. ಶಾಲೆಯ ಡ್ರಿಲ್ ಮೇಷ್ಟ್ರು ಭಾಸ್ಕರ್ ನಗುತ್ತ ಬಂದು, "ಸಾರ್, ನೋಡದೇ ಇಷ್ಟು ಧೈರ್ಯವಾಗಿ ಹೇಳ್ತೀರಲ್ಲ, ನೋಡಿ ಹೇಳಿದರೆ ಹೇಗಿರುತ್ತೆ! ದಿನಾ ಬಂದು ನಿಲ್ಲಿ" ಎಂದರು. ತಮಾಷೆಗೆ ಹೇಳಿದರು. ಮರುದಿನ ಐದೂ ಮುಕ್ಕಾಲಿಗೆ ನಾನು ಟೋಪಿ ಹಾಕಿಕೊಂಡು ನಿಂತಿದ್ದೆ. ಭಾಸ್ಕರ್ ಆರೂಕಾಲಿಗೆ ಬಂದರು.

ಜಗಳಕ್ಕೆ ನಾನು ಕಂಡುಕೊಂಡ ಔಷಧ ಹಾಸ್ಟೆಲಿನದೇ. ತೀರ್ಪಿಗೆ ಎದುರು ಮಾತಾಡಿದವಳು ಬಯಲಿನ ಸುತ್ತ ಒಂದು ರೌಂಡ್ ಓಡಬೇಕು. ಮೊದಲ ತಿಂಗಳು ನಾಗಮಣಿ ಓಡಿದಷ್ಟನ್ನು ಒಟ್ಟು ಸೇರಿಸಿದರೆ ಅವಳು ಹತ್ತಿಪ್ಪತ್ತು ಮೈಲಿ ಆಚೆಯ ಅನಕಾಪಲ್ಲಿ ತಲುಪಿರುತ್ತಿದ್ದಳು. ಓಡುತ್ತಲೂ ಕೈ ತಿರುಗಿಸಿ ವಾದ ಮಾಡುತ್ತಿದ್ದಳು. ಎರಡನೆಯ ತಿಂಗಳು ಕಡಿಮೆಯಾಯಿತು. ಮೂರನೆಯ ತಿಂಗಳು ನಾನು ಔಟ್ ಎಂದು ಕೈ ಎತ್ತಿದರೆ ಸಾಕು, ತುಟಿ ಬಿಗಿಹಿಡಿದು, ಲಂಗದ ಧೂಳು ಕೊಡವಿ, ಸುಮ್ಮನೆ ಹೋಗಿ ಕೂರುತ್ತಿದ್ದಳು. ‘ಇಂದಿನಿಂದ ನಾಗಮಣಿ ವಾದಿಸುವುದಿಲ್ಲ’ ಎಂದು ನನ್ನ ಡೈರಿಯಲ್ಲಿ ಬರೆದುಕೊಂಡೆ. ಸಾಧನೆಯೆಂದು ಬರೆದುಕೊಂಡೆ.

ಬರಿಯ ಧೈರ್ಯ ಸಾಲದು, ಕ್ರಮವಾಗಿ ಕಲಿಯಬೇಕು ಎಂದು ಭಾಸ್ಕರ್ ನನ್ನನ್ನು ವಿಜಯವಾಡದ ಐದು ದಿನದ ತರಬೇತಿಗೆ ಕಳಿಸಿದರು. ಮಕ್ಕಳ ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡಕ್ಕೂ ಅಂಪೈರುಗಳನ್ನು ತಯಾರಿಸುವ ಶಿಬಿರ. ಮೇ ತಿಂಗಳು. ವಿಜಯವಾಡದ ಮೇ ತಿಂಗಳೆಂದರೆ ಸುಗುಣಳ ತವರಿನವರೇ ಊರು ಬಿಟ್ಟು ಓಡುವ ಕಾಲ. ಭಾಮೈದನ ಮನೆಯಲ್ಲಿ ಉಳಿದುಕೊಂಡೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾವಗಾರೂ, ಅರವತ್ತರಲ್ಲಿ ಜನ ಕಾಶಿಗೆ ಹೋಗ್ತಾರೆ" ಎಂದ.

ಶಿಬಿರದಲ್ಲಿ ಮೂವತ್ತು ಜನ. ನನ್ನನ್ನು ಬಿಟ್ಟರೆ ಎಲ್ಲರಿಗಿಂತ ದೊಡ್ಡವನಿಗೆ ಮೂವತ್ತೆರಡು. ಕಲಿಸಿದವರು ಪ್ರಸಾದರಾವ್ ಮಾಸ್ಟರು. ನನ್ನ ವಯಸ್ಸಿನವರೇ, ತೆಳ್ಳಗೆ, ಮಾತು ಕಡಿಮೆ, ನಡೆದರೆ ನೆಲಕ್ಕೂ ಗೊತ್ತಾಗಬಾರದು ಎನ್ನುವಂಥ ನಡಿಗೆ. ಮೊದಲ ದಿನ ನಿಲ್ಲುವುದನ್ನು ಕಲಿಸಿದರು. ಹೊಡೆಯುವವಳ ಹಿಂದೆ ಚೆಂಡು ಹಿಡಿಯಲು ಕೂತ ಕ್ಯಾಚರಳ ಬೆನ್ನ ಹಿಂದೆ, ಅವಳ ಹೆಗಲ ಮೇಲಿನಿಂದ ಕಣ್ಣು ಹಾಯಿಸುವಂತೆ, ಕಾಲು ಅಗಲಿಸಿ, ಅರ್ಧ ಕುಳಿತು ಅರ್ಧ ನಿಂತು ಇರಬೇಕು. ಹೊಡೆಯುವವಳ ಕಂಕುಳಿನಿಂದ ಮೊಣಕಾಲಿನವರೆಗೆ ಒಂದು ಕಾಣದ ಕಿಟಕಿ. ಚೆಂಡು ಕಿಟಕಿಯೊಳಗೆ ಹೋದರೆ ಸ್ಟ್ರೈಕ್, ಆಚೆ ಹೋದರೆ ಬಾಲ್. ಎಡಗೈ ಬೆರಳಲ್ಲಿ ಬಾಲ್‌ಗಳ ಲೆಕ್ಕ, ಬಲಗೈ ಬೆರಳಲ್ಲಿ ಸ್ಟ್ರೈಕ್‌ಗಳ ಲೆಕ್ಕ. ಬೇಸ್‌ಬಾಲಿನಲ್ಲಿ ಹುಡುಗರು ಕೈ ಮೇಲೆತ್ತಿ ಎಸೆಯುತ್ತಾರೆ, ಚೆಂಡು ಚಿಕ್ಕದು. ಸಾಫ್ಟ್‌ಬಾಲಿನಲ್ಲಿ ಕೈ ಕೆಳಗಿನಿಂದ ಬೀಸಿ ಎಸೆಯಬೇಕು, ಚೆಂಡು ದೊಡ್ಡದು. ಮೆತ್ತಗೇನೂ ಇರುವುದಿಲ್ಲ. ಸಾಫ್ಟ್ ಎಂದು ಹೆಸರಿಟ್ಟವನ ಮೊಣಕಾಲಿಗೆ ಅದು ಬಡಿದಿರಲಿಲ್ಲ ಎಂದು ಕಾಣುತ್ತದೆ. ನನ್ನದಕ್ಕೆ ಎರಡನೆಯ ದಿನವೇ ಬಡಿಯಿತು.

ಪ್ಲೇಟ್ ಗುಡಿಸುವುದಕ್ಕೂ ಒಂದು ಪದ್ಧತಿಯಿದೆ ಎಂದು ಅಲ್ಲೇ ತಿಳಿಯಿತು. ಮಣ್ಣು ಮುಚ್ಚಿದ ಬಿಳಿ ಹಲಗೆಯನ್ನು ಅಂಪೈರನೇ ಬಗ್ಗಿ ಬ್ರಷ್ಷಿನಿಂದ ಗುಡಿಸಬೇಕು. ಆಗ ಮೈದಾನಕ್ಕೆ ಬೆನ್ನು, ನೋಡಲು ಕೂತ ಜನರ ಕಡೆಗೆ ಮುಖ. "ಜನಕ್ಕೆ ಹಿಂಭಾಗ ತೋರಿಸಬಾರದು ಸಾರ್, ಅದು ಮರ್ಯಾದೆ" ಎಂದರು ಮಾಸ್ಟರು. ಈ ಒಂದು ಪಾಠದಲ್ಲಿ ಮಾತ್ರ ನಾನು ಮೊದಲ ಸಲಕ್ಕೇ ಪಾಸಾದೆ. ಗುಡಿಸುವುದು, ಒಪ್ಪ ಮಾಡುವುದು ನನಗೆ ಹೇಳಿಕೊಡಬೇಕಿರಲಿಲ್ಲ.

ತೊಂದರೆ ಎರಡು. ಒಂದು, ಬ್ಯಾಟು ಬೀಸಿದಾಗ ನನ್ನ ಕಣ್ಣು ಮುಚ್ಚಿಹೋಗುತ್ತಿತ್ತು. ಇನ್ನೊಂದು, ನನ್ನ ಕೈ.

"ಸಾರ್, ಮೊದಲು ಕಣ್ಣು, ಆಮೇಲೆ ಮನಸ್ಸು, ಕೊನೆಗೆ ಕೈ. ನಿಮಗೆ ಕೈ ಮೊದಲು ಬರ್ತಿದೆ" ಎಂದರು ಮಾಸ್ಟರು ಮೂರನೆಯ ದಿನ.

"ತಡ ಮಾಡಿದರೆ ಅನುಮಾನ ಅನ್ನೋದಿಲ್ಲವೆ?"

"ಅನ್ನಲಿ. ಹುಡುಗಿಗೆ ಚೆಂಡು ತಾಗಿತು, ಸರಿ. ತಾಗಿದ ಮೇಲೂ ಚೆಂಡು ಕೈಯಲ್ಲೇ ಇದೆಯಾ? ಬಿದ್ದರೆ ಔಟ್ ಅಲ್ಲ. ಅದಕ್ಕೇ ‘ಒಕಟಿ’, ಒಂದು ಅಂತ ಒಳಗೇ ಎಣಿಸಿ. ಚೆಂಡು ನೋಡಿ. ಆಮೇಲೆ ಕೈ ಎತ್ತಿ."

"ಎತ್ತಿದ ಮೇಲೆ ಬಿದ್ದರೆ?"

"ಇಳಿಸಿ" ಎಂದರು ಅವರು, ಛತ್ರಿ ಇಳಿಸಿ ಎಂಬಷ್ಟು ಸಲೀಸಾಗಿ. "ಅನುಮಾನ ಇದ್ದರೆ ನನ್ನನ್ನು ಕೇಳಿ. ಇಬ್ಬರು ಅಂಪೈರ್ ಇರೋದು ಅದಕ್ಕೇ. ಆದರೆ ನೀವು ಕೇಳದೇ ನಾನು ಬಾಯಿ ಬಿಡಲ್ಲ. ಒಬ್ಬರು ಕೊಟ್ಟ ತೀರ್ಪನ್ನು, ಅಂದರೆ ‘ಕಾಲ್’ ಅನ್ನು, ಅವರು ಕೇಳದೇ ಇನ್ನೊಬ್ಬರು ಮುರಿಯೋ ಹಾಗಿಲ್ಲ."

ಇಳಿಸಿ ಎಂಬ ಪದವನ್ನು ನಾನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡದ್ದೆಲ್ಲ ಒಳಗೆ ಇಳಿದಂತೆ ಎಂದು ಅಂದುಕೊಂಡಿದ್ದೆ.

ಗಾಜುವಾಕಕ್ಕೆ ಮರಳಿದ ಮೇಲೆ ಕಣ್ಣಿನ ರೋಗಕ್ಕೆ ಚಿಕಿತ್ಸೆ ನಡೆಯಿತು. ವೈದ್ಯೆ ನಾಗಮಣಿ. ನಾನು ತಂತಿ ಬೇಲಿಯ ಹಿಂದೆ ಮುಖವಿಟ್ಟು ನಿಲ್ಲುವುದು, ಅವಳು ಆಚೆಯಿಂದ ಬೇಲಿಗೆ ಚೆಂಡು ಎಸೆಯುವುದು, ನಾನು ರೆಪ್ಪೆ ಬಡಿಯದೆ ನೋಡುವುದು. ಬಡಿದರೆ ಅವಳು ಲೆಕ್ಕ ಕೂಗುತ್ತಿದ್ದಳು.

"ಹನ್ನೊಂದು, ತಾತಗಾರೂ! ನೀವೂ ಒಂದು ರೌಂಡ್ ಓಡಬೇಕು!"

"ಇದು ವಾದ ಅಲ್ಲ, ರೆಪ್ಪೆ. ರೆಪ್ಪೆಗೆ ರೌಂಡ್ ಇಲ್ಲ."

"ನಿಮಗೆ ಬೇಕಾದಂಗೆ ರೂಲು!"

ತೆಂಗಿನ ಗರಿಯ ಕಡ್ಡಿಗಳನ್ನು ಕಟ್ಟಿಕೊಂಡು ಪ್ಲೇಟ್ ಗುಡಿಸುತ್ತಿದ್ದೆ. ಅದನ್ನು ನೋಡಿ ಹುಡುಗಿಯರು ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿ ಎಂದು ಗೇಲಿ ಮಾಡುತ್ತಿದ್ದರು. ಒಂದು ದಿನ ನಾಗಮಣಿ ಈ ಬ್ರಷ್ಷು ತಂದುಕೊಟ್ಟಳು. ಅವಳ ಸೋದರಮಾವ ಹಡಗುಗಳ ಅಡಿಗೆ ತುಕ್ಕು ಹಿಡಿಯದಂತೆ ಕೆಂಪು ಬಣ್ಣ ಬಳಿಯುವವನು. ಅವನ ಹಳೆಯ ಬ್ರಷ್ಷು. ಹಿಂದಿನ ಜೇಬಿನಲ್ಲಿ ಹಿಡಿಸಲಿ ಎಂದು ಹಿಡಿಯನ್ನು ತಾನೇ ಗರಗಸದಿಂದ ಕೊಯ್ದಿದ್ದಳು. ಕೊಯ್ದದ್ದು ಸೊಟ್ಟವಾಗಿತ್ತು. ನಾನು ಮರಳುಕಾಗದ ಹಾಕಿ ಅದನ್ನು ನೇರ ಮಾಡಿದೆ. ನನ್ನ ಬುದ್ಧಿ!

ಆ ಡಿಸೆಂಬರಿನಲ್ಲಿ ವಿಜಯವಾಡದಲ್ಲಿ ಜಿಲ್ಲೆಗಳ ನಡುವಿನ ಹುಡುಗಿಯರ ಪಂದ್ಯಗಳು. ಜಿಲ್ಲೆಯ ತಂಡಕ್ಕೆ ನಮ್ಮ ಶಾಲೆಯಿಂದ ನಾಗಮಣಿ ಒಬ್ಬಳೇ ಆಯ್ಕೆಯಾಗಿದ್ದಳು. ಭಾಸ್ಕರ್ ಕೋಚ್. ನನ್ನನ್ನೂ ಅಂಪೈರ್‌ಗಳ ಪಟ್ಟಿಯಲ್ಲಿ ಸೇರಿಸಿದ್ದರು. ರೈಲಿನಲ್ಲಿ ಎಲ್ಲರೂ ಒಂದೇ ಡಬ್ಬಿ. ತುನಿ ದಾಟಿದ ಮೇಲೆ ನಾಗಮಣಿ ನನ್ನೆದುರು ಬಂದು ಕೂತಳು. ಸುಗುಣ ಕಟ್ಟಿಕೊಟ್ಟ ಪುಳಿಹೋರದಲ್ಲಿ ಅರ್ಧ ಕೊಟ್ಟೆ.

"ತಾತಗಾರೂ, ಫೈನಲ್‌ಗೆ ಹೋದ ಟೀಮಿನವರನ್ನು ಮಾತ್ರ ಸ್ಪೋರ್ಟ್ಸ್ ಹಾಸ್ಟೆಲ್‌ಗೆ ಆರಿಸ್ತಾರಂತೆ, ನಿಜವಾ?"

"ಹೆಚ್ಚಾಗಿ ಹಾಗೇ ಅಂತೆ. ಯಾಕೆ?"

"ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಂಚ ಇರುತ್ತಂತೆ."

ಅವಳಿಗೆ ತಾಯಿ ಇಲ್ಲ. ಮಾವನ ಮನೆ ಒಂದೇ ಕೋಣೆ, ಐದು ಜನ. ಇವಳದು ಬಾಗಿಲ ಬಳಿಯ ಚಾಪೆ. "ಯಾರು ಹೊರಗೆ ಹೋದರೂ ನನ್ನನ್ನು ದಾಟಿಯೇ ಹೋಗಬೇಕು. ಮಾವಯ್ಯ ಕಾಲು ತುಳಿದುಬಿಡ್ತಾನೆ" ಎಂದು ನಕ್ಕಳು. ಆಮೇಲೆ, ಪುಳಿಹೋರದ ಕಡಲೆಬೀಜಗಳನ್ನು ಒಂದೊಂದಾಗಿ ಆರಿಸಿ ತಿನ್ನುತ್ತ ಇನ್ನೊಂದು ಮಾತು ಹೇಳಿದಳು. ಹಾಸ್ಟೆಲ್ ಸಿಗದಿದ್ದರೆ ಮುಂದಿನ ವರ್ಷ ಹತ್ತನೇ ತರಗತಿಗೆ ಓದು ಮುಗಿಯಿತು. ಸೀಗಡಿ ಸುಲಿಯುವ ಶೆಡ್ಡಿನಲ್ಲಿ ಅತ್ತೆ ಆಗಲೇ ಮಾತಾಡಿ ಇಟ್ಟಿದ್ದಾಳೆ.

"ಸಿಗುತ್ತೆ ಬಿಡು" ಎಂದೆ. ಹಾಗೆ ಹೇಳುವ ಅಧಿಕಾರ ನನಗೆ ಯಾರು ಕೊಟ್ಟಿದ್ದರೋ.

ಸೆಮಿಫೈನಲ್ಲಿನ ಬೆಳಿಗ್ಗೆ ಪ್ಲೇಟಿನ ಹಿಂದೆ ನಿಲ್ಲಬೇಕಾದ ಅಂಪೈರ್ ಜ್ವರ ಬಂದು ಮಲಗಿದರು. ನಾನು ವಿಶಾಖಪಟ್ಟಣದವನು. ಆಡುವುದು ವಿಶಾಖಪಟ್ಟಣದ ತಂಡ. ಆದ್ದರಿಂದ ನಾನು ನಿಲ್ಲಬಾರದು. ಮಾಸ್ಟರು ಎದುರು ತಂಡದ ಕೋಚಿನ ಬಳಿ ವಿಚಾರಿಸಿದರು. ಆತ ನಗುತ್ತ, "ವೈಜಾಗ್ ಸಾರ್ ಆದರೆ ಪರವಾಲೇದು. ಅವರು ಗಡಿಯಾರ ಇದ್ದ ಹಾಗೆ. ಗಡಿಯಾರಕ್ಕೆ ಊರು ಇರಲ್ಲ" ಎಂದ. ಆ ಮಾತು ನನ್ನ ತಲೆಗೇರಿತು. ಇಡೀ ಆಟ ಅದೇ ಕಿವಿಯಲ್ಲಿತ್ತು. ನಮ್ಮ ಊರಿನವರ ಪರ ಎಂದು ಯಾರೂ ಅನ್ನಬಾರದು. ಒಂದು ಉಸಿರಿನಷ್ಟೂ ತಡವರಿಸಬಾರದು.

ಕೊನೆಯ ಸರದಿ. ನಮ್ಮವರು ಒಂದು ರನ್ ಹಿಂದೆ. ಇಬ್ಬರು ಔಟಾಗಿದ್ದರು, ಇನ್ನೊಬ್ಬಳು ಔಟಾದರೆ ಆಟ ಮುಗಿಯಿತು. ಮೂರನೆಯ ಮೂಲೆಯಲ್ಲಿ ನಾಗಮಣಿ, ಓಡಲು ಬಗ್ಗಿ ನಿಂತಿದ್ದಳು. ಅವಳು ಬಂದು ಮುಟ್ಟಿದರೆ ಸಮ, ಆಟ ಮುಂದುವರಿಯುತ್ತದೆ. ಎಸೆದ ಚೆಂಡು ಕ್ಯಾಚರಳ ಕೈತಪ್ಪಿ ಹಿಂದಕ್ಕೆ ಉರುಳಿತು. ನಾಗಮಣಿ ಹೊರಟಳು. ಆ ಹುಡುಗಿ ಓಡುವುದನ್ನು ನಾನು ಅಷ್ಟು ಬೆಳಿಗ್ಗೆಗಳಲ್ಲಿ ನೋಡಿದ್ದೇನೆ, ಹಾಗೆ ಓಡಿದ್ದನ್ನು ನೋಡಿಲ್ಲ. ಕ್ಯಾಚರ್ ಚೆಂಡು ಹೆಕ್ಕಿ ಹಾರಿದಳು. ನಾಗಮಣಿ ನೆಲದ ಮೇಲೆ ಜಾರಿಕೊಂಡು ಬಂದಳು. ಗ್ಲೌಸು ಅವಳ ಮೊಣಕಾಲಿಗೆ ಬಡಿಯಿತು, ಆಗ ಅವಳ ಪಾದ ಪ್ಲೇಟಿಗೆ ಇನ್ನೂ ಒಂದು ಗೇಣು ದೂರ. ನನ್ನ ಕಣ್ಣು ಮುಚ್ಚಲಿಲ್ಲ. ಅದನ್ನು ಅವಳೇ ಕಲಿಸಿದ್ದಳಲ್ಲ.

"ಔಟ್!"

ಕೈ ಮೇಲಿತ್ತು. ಧೂಳು ಇಳಿಯಿತು. ನಾಗಮಣಿಯ ಪಾದ ಪ್ಲೇಟಿನ ಮೇಲಿತ್ತು. ಕ್ಯಾಚರಳ ಗ್ಲೌಸು ಅಂಗಾತ, ಖಾಲಿ. ಚೆಂಡು ನಾಗಮಣಿಯ ಸೊಂಟದ ಪಕ್ಕದಲ್ಲಿ, ನೆಲದ ಮೇಲೆ, ಇನ್ನೂ ನಿಧಾನವಾಗಿ ಉರುಳುತ್ತಿತ್ತು.

‘ಒಕಟಿ’ ಎಂದು ಎಣಿಸಿದ್ದರೆ ಸಾಕಿತ್ತು.

ಭಾಸ್ಕರ್ ಓಡಿಬಂದರು. "ಸಾರ್, ಬಾಲ್ ಕೆಳಗಿದೆ, ಚೂಡಂಡಿ, ನೋಡಿ! ಮಾಸ್ಟರನ್ನು ಕೇಳಿ ಸಾರ್, ಒಂದು ಸಲ ಕೇಳಿ!"

ಎರಡನೆಯ ಅಂಪೈರ್ ಪ್ರಸಾದರಾವ್ ಮಾಸ್ಟರೇ. ಮೈದಾನದೊಳಗೆ, ಎಲ್ಲವೂ ಕಾಣುವ ಜಾಗದಲ್ಲಿ ನಿಂತಿದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ನನ್ನನ್ನೇ ನೋಡುತ್ತಿದ್ದರು. ನಾನು ಕೇಳಲಿ ಎಂದು ಕಾಯುತ್ತಿದ್ದರು. ಕೇಳದೆ ಅವರು ಹೇಳುವಂತಿಲ್ಲ.

"ಕಾಲ್ ಕೊಟ್ಟಾಯಿತು" ಎಂದೆ ಭಾಸ್ಕರ್‌ಗೆ. ನನ್ನ ದನಿ ವಾರ್ಡನ್ ಮೇಷ್ಟ್ರದಾಗಿತ್ತು.

ಆಗ ನಾಗಮಣಿ ಎದ್ದಳು. ಚೆಂಡನ್ನು ನೋಡಿದಳು. ನನ್ನನ್ನು ನೋಡಿದಳು. ಅವಳ ಬಾಯಿ ತುಸು ತೆರೆಯಿತು. ತೆರೆದದ್ದನ್ನು ಮುಚ್ಚಿ ತುಟಿ ಬಿಗಿಹಿಡಿದಳು. ಬಟ್ಟೆಯ ಧೂಳು ಕೊಡವಿದಳು. ನಾನು ಹೇಗೆ ಕಲಿಸಿದ್ದೆನೋ ಹಾಗೆಯೇ ಹೋಗಿ ಬೆಂಚಿನ ಮೇಲೆ ಕೂತಳು. ಅವಳು ಸೊಂಟಕ್ಕೆ ಕೈಯಿಟ್ಟು "ಔಟ್ ಕಾದು ತಾತಗಾರೂ" ಎಂದು ಒಂದು ಸಲ ಕಿರುಚಿದ್ದರೆ ನನ್ನ ಕೈ ಇಳಿಯುತ್ತಿತ್ತೇನೋ. ಇಳಿಯುತ್ತಿತ್ತು ಎಂದು ನಂಬಲು ನನಗೆ ಇಷ್ಟ. ಖಾತ್ರಿಯಿಲ್ಲ.

ಮುಂದೆ ನಾನು ಮಾಡಿದ ಕೆಲಸವನ್ನು ಹೇಳದೆ ಬಿಡಬಹುದಿತ್ತು. ಹಿಂದಿನ ಜೇಬಿನಿಂದ ಬ್ರಷ್ಷು ತೆಗೆದೆ. ಮೈದಾನಕ್ಕೆ ಬೆನ್ನು ಹಾಕಿದೆ, ಜನರ ಕಡೆ ಮುಖ ಮಾಡಿದೆ, ಬಗ್ಗಿ ಪ್ಲೇಟನ್ನು ಗುಡಿಸಿದೆ. ಆಟ ಮುಗಿದ ಮೇಲೆ ಪ್ಲೇಟ್ ಗುಡಿಸಿದ ಅಂಪೈರ್ ಲೋಕದಲ್ಲಿ ನಾನೊಬ್ಬನೇ ಇರಬೇಕು. ಐದು ಮೂಲೆಗಳನ್ನೂ ಬಿಡದೆ ಗುಡಿಸಿದೆ. ಪದ್ಧತಿ ಸರಿಯಾಗಿಯೇ ಇತ್ತು. ಬೆನ್ನು ಯಾರ ಕಡೆಗಿತ್ತು ಎಂಬುದು ನನಗೂ ಗೊತ್ತಿತ್ತು, ಟೋಪಿ ಹಿಡಿದು ನಿಂತವರಿಗೂ ಗೊತ್ತಿತ್ತು.

ಮಧ್ಯಾಹ್ನ ಷಾಮಿಯಾನದ ಕೆಳಗೆ ಮಾಸ್ಟರು ನನಗೊಂದು ಲೋಟ ಮಜ್ಜಿಗೆ ತಂದುಕೊಟ್ಟು ಪಕ್ಕದಲ್ಲಿ ಕೂತರು.

"ಚೆಂಡು ಬಿದ್ದಿತ್ತು" ಎಂದೆ ನಾನೇ.

"ಅವುನಂಡಿ."

"ನೀವು ಬಾಯಿಬಿಟ್ಟು ಹೇಳಬಹುದಿತ್ತು."

"ನೀವು ತಿರುಗಿ ನೋಡಬಹುದಿತ್ತು" ಎಂದರು. ಸಿಟ್ಟಿರಲಿಲ್ಲ. ಮಜ್ಜಿಗೆ ಕುಡಿದು ಮುಗಿಸುವ ತನಕ ಕೂತಿದ್ದು, ನನ್ನ ಲೋಟವನ್ನೂ ತೆಗೆದುಕೊಂಡು ಎದ್ದರು.

ಹಾಸ್ಟೆಲಿಗೆ ಆಯ್ಕೆಯಾದವರ ಪಟ್ಟಿ ಸಂಜೆ ಬಂತು. ಅದರಲ್ಲಿ ನಾಗಮಣಿ ಇರಲಿಲ್ಲ. ಮನೆಗೆ ಬಂದ ಮೇಲೆ ಆಯ್ಕೆ ಸಮಿತಿಗೆ ಎರಡು ಪುಟದ ಪತ್ರ ಬರೆದೆ. ತಪ್ಪು ನನ್ನದು, ಆ ಓಟ ಸಫಲವಾಗಿತ್ತು, ಹುಡುಗಿಯನ್ನು ದಯವಿಟ್ಟು ಮತ್ತೆ ಪರಿಶೀಲಿಸಿ ಎಂದು, ಅಂಚು ಬಿಟ್ಟು, ಅಂಶಗಳಿಗೆ ಸಂಖ್ಯೆ ಹಾಕಿ ಬರೆದೆ. ಉತ್ತರ ಬರಲಿಲ್ಲ. ಇಷ್ಟು ಅಚ್ಚುಕಟ್ಟಾದ ಪತ್ರವನ್ನು ಬರೆದವನು ಅಂದು ಅರ್ಧ ನಿಮಿಷ ತಿರುಗಿ ನೋಡಲಿಲ್ಲವೇಕೆ ಎಂದು ಅವರಿಗೂ ಅನಿಸಿರಬೇಕು.

ಅಂಪೈರಿಂಗ್ ಬಿಟ್ಟೆ. ಬಯಲಿನ ಸುತ್ತು ಬಿಟ್ಟು ರಸ್ತೆಯಲ್ಲಿ ನಡೆಯತೊಡಗಿದೆ. ಮೊಣಕಾಲು ನೋವು ಎಂದು ಸುಗುಣಳಿಗೆ ಹೇಳಿದೆ. ಅವಳು ಎಣ್ಣೆ ಕಾಯಿಸಿ ಹಚ್ಚಿದಳು. ಇಲ್ಲದ ನೋವಿಗೆ ತಿಂಗಳುಗಟ್ಟಲೆ ಎಣ್ಣೆ ಹಚ್ಚಿಸಿಕೊಂಡೆ. ನಾಗಮಣಿ ಹತ್ತನೇ ತರಗತಿ ಮುಗಿಸಿದಳೆಂದು ಭಾಸ್ಕರ್ ಹೇಳಿದರು. ಅದರಾಚೆಗೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ವರ್ಷಗಳು ಕಳೆದವು.

ಎರಡು ತಿಂಗಳ ಹಿಂದೆ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ, ರೈತು ಬಜಾರಿಗೆ ಹೋಗುವ ತಿರುವಿನಲ್ಲಿ ಒಂದು ಗುಂಪು ಹೆಣ್ಣುಮಕ್ಕಳು, ಆ ವಾರವಷ್ಟೇ ಆ ದಾರಿಗೆ ಬರತೊಡಗಿದ್ದ ಶಿಫ್ಟ್ ಬಸ್ಸಿಗೆ ಕಾಯುತ್ತಿದ್ದರು. ತಲೆಗೆ ಬಿಳಿ ಬಟ್ಟೆಯ ಟೋಪಿ, ಕೈಯಲ್ಲಿ ಊಟದ ಡಬ್ಬಿ. ಅವರನ್ನು ದಾಟಿ ಹೋಗುತ್ತಿದ್ದೆ.

"ತಾತಗಾರೂ!"

ಕಡ್ಡಿಯಂತಿದ್ದವಳು ತುಂಬಿಕೊಂಡಿದ್ದಳು. ಕಣ್ಣು ಅದೇ. ಬೆರಳುಗಳ ತುದಿ ಬೆಳ್ಳಗೆ ಸುಕ್ಕುಗಟ್ಟಿ, ಇಡೀ ದಿನ ಐಸ್ ನೀರಿನಲ್ಲಿ ನೆನೆದ ಹಾಗಿತ್ತು. ನೆನೆಯುತ್ತಿತ್ತು ಕೂಡ, ಸೀಗಡಿಯೊಡನೆ.

"ಚೆನ್ನಾಗಿದ್ದೀರಾ? ಕಣ್ಣು ಈಗಲೂ ಬಡಿಯುತ್ತಾ?" ಎಂದು ನಕ್ಕಳು.

"ಇಲ್ಲ. ನೀನು ವಾಸಿ ಮಾಡಿದೆಯಲ್ಲ" ಎಂದೆ. ಎಷ್ಟೋ ವರ್ಷ ಒಳಗೇ ಒಪ್ಪ ಮಾಡಿ ಇಟ್ಟುಕೊಂಡಿದ್ದ ಮಾತೊಂದಿತ್ತು. ಬಸ್ಸು ಆಗಲೇ ತಿರುವಿನಲ್ಲಿ ಕಾಣಿಸಿತ್ತು. "ನಾಗಮಣೀ, ಆವತ್ತು ನೀನು ಔಟ್ ಆಗಿರಲಿಲ್ಲ. ಚೆಂಡು ಬಿದ್ದದ್ದನ್ನ ನಾನು ನೋಡಿದ್ದೆ."

ಅವಳ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಊಟದ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಬಿಡಿ ತಾತಗಾರೂ. ಕಾಲ್ ಆದ ಮೇಲೆ ಮಾತಾಡಿದರೆ ಒಂದು ರೌಂಡ್ ಓಡಬೇಕಾಗುತ್ತೆ" ಎಂದಳು.

ಗೇಲಿಯಾಗಿ ಹೇಳಲಿಲ್ಲ. ಮಗುವಿಗೆ ಸಮಾಧಾನ ಹೇಳುವ ಹಾಗೆ ಹೇಳಿದಳು. ಬಸ್ಸು ನಿಂತಿತು. ಸಾಲಿನಲ್ಲಿ ತನ್ನ ಸರದಿ ಬರುವ ತನಕ ನಿಂತು, ಯಾರನ್ನೂ ತಳ್ಳದೆ ಹತ್ತಿದಳು. ಎಂಥ ಶಿಸ್ತು.

ಮೊನ್ನೆ ಸುಗುಣಳ ಕೈಯಿಂದ ತೆಗೆದುಕೊಂಡ ಬ್ರಷ್ಷನ್ನು ಮತ್ತೆ ಟ್ರಂಕಿನಲ್ಲಿ ಇಟ್ಟೆ. ಇಡುವ ಮೊದಲು ಹಿಡಿಯ ತುದಿಯ ಮೇಲೆ ಬೆರಳಾಡಿಸಿದೆ. ನುಣ್ಣಗಿದೆ. ಅವಳ ಗರಗಸದ ಸೊಟ್ಟ ಗುರುತನ್ನು ನಾನೇ ಉಜ್ಜಿ ಅಳಿಸಿದ್ದೆನಲ್ಲ.

ಬೆಂಡೆಕಾಯಿಯ ವಿಷಯಕ್ಕೆ ಬರುತ್ತೇನೆ. ಸೀಗಡಿ ಶೆಡ್ಡಿನ ಬಸ್ಸು ಆರೂ ಹನ್ನೆರಡಕ್ಕೆ ತಿರುವಿಗೆ ಬರುತ್ತದೆ. ಒಂದು ದಿನವೂ ತಪ್ಪುವುದಿಲ್ಲ, ತಡವಾಗುವುದಿಲ್ಲ. ಬಾಲ್ಕನಿಯಿಂದ ನೋಡಿ ಗಡಿಯಾರಕ್ಕೆ ತಾಳೆ ಹಾಕಿದ್ದೇನೆ. ಅದು ಹೋಗಿ, ಧೂಳು ಇಳಿದು, ತಿರುವು ಖಾಲಿಯಾದ ಮೇಲೆ ನಾನು ಚೀಲ ತೆಗೆದುಕೊಳ್ಳುತ್ತೇನೆ. ಆಗ ಸರಿಯಾಗಿ ಆರೂವರೆ.

ಸುಗುಣಳಿಗೆ ಬಲಿತ ಬೆಂಡೆಕಾಯಿ ಹುಳಿಗೆ ಚೆನ್ನಾಗಿರುತ್ತದೆ ಎಂದು ಹೇಳಿದ್ದೇನೆ.